ಕಾಣಲಿಲ್ಲ ಎಂಬುದು ಇಲ್ಲವಾದ ಬಗೆ

"ನನ್ನ ವರದಿಯಿಂದ ಒಂದು ಪದ ಕಿತ್ತುಹಾಕಿದ್ದಾರೆ, ಗುರುಗಳೇ. ಉಳಿದದ್ದೆಲ್ಲ ನಿಜ. ನಾನು ಸುಮ್ಮನಿದ್ದರೆ ತಪ್ಪೇ?"

ಕೇಳಿದ ಶಿಷ್ಯ ಯುದ್ಧವಿಮಾನಗಳ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವವನು. ಗುರುಗಳು ಹೇಳಿದರು:

ಒಂದು ದೇಶದ ಶತ್ರುಗಳ ಕೈಗೆ ಬಿಸಿಯನ್ನು ಹುಡುಕಿ ಹೊಡೆಯುವ ಕ್ಷಿಪಣಿಗಳು ಬಂದವು. ಎಂಜಿನ್ ಬೆಂಕಿ ಉಗುಳುವ ಮೂತಿಯನ್ನೇ ಅವು ಬೆನ್ನಟ್ಟುತ್ತಿದ್ದವು. ಆಗ ಒಬ್ಬ ಕಮ್ಮಾರ ಆ ಮೂತಿಯನ್ನು ಬಗ್ಗಿಸಿದ, ಅದರ ಬಾಯಿ ಚಪ್ಪಟೆ ಮಾಡಿದ, ಬಿಸಿ ಹೊಗೆಗೆ ತಣ್ಣನೆಯ ಗಾಳಿ ಬೆರೆಯುವಂತೆ ಮಾಡಿದ. ಹಿಂದೆ ನಿಂತು ನೋಡಿದರೆ ಒಳಗಿನ ಕೆಂಡ ಕಾಣುತ್ತಿರಲಿಲ್ಲ. ಆದರೆ ಬೆಂಕಿ ಎಲ್ಲಿಗೆ ಹೋದೀತು? ಅದು ತಿರುವಿಗೆ ಬಡಿದು ಪಕ್ಕದ ತಗಡನ್ನು ಕಾಯಿಸುತ್ತಿತ್ತು.

ಕಮ್ಮಾರ ವರದಿಯಲ್ಲಿ 'ಹಿಂದಿನಿಂದ ಬಿಸಿ ಕಾಣಲಿಲ್ಲ' ಎಂದು ಬರೆದ. ಅಧಿಕಾರಿಯ ಬಳಿ ಹೋಗಿ, 'ಪಕ್ಕದಿಂದಲೂ ಒಂದು ಸಲ ನೋಡಬೇಕು ಸಾರ್' ಎಂದ.

'ಏನಯ್ಯಾ, ಪಕ್ಕದಿಂದ ಬಾ ಅಂತ ಶತ್ರುವಿಗೆ ನೀನೇ ಕಾಗದ ಬರೀತೀಯಾ?' ಎಂದ ಅಧಿಕಾರಿ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಮ್ಮಾರನೂ ನಕ್ಕುಬಿಟ್ಟ.

ವರದಿ ಮೇಜಿನಿಂದ ಮೇಜಿಗೆ ಮೇಲೇರಿತು. ಮೊದಲ ಮೇಜಿನಲ್ಲಿ 'ಹಿಂದಿನಿಂದ' ಎಂಬ ಪದ ಹೋಯಿತು, ವಾಕ್ಯ ಉದ್ದವಾಯಿತಂತೆ. 'ಬಿಸಿ ಕಾಣಲಿಲ್ಲ' ಉಳಿಯಿತು. ಎರಡನೇ ಮೇಜಿನವನಿಗೆ ಅದರಲ್ಲಿ ಅನುಮಾನದ ವಾಸನೆ ಬಂತು. 'ಕಾಣಲಿಲ್ಲ'ದ ತಲೆ ಕತ್ತರಿಸಿದ. 'ಬಿಸಿ ಇಲ್ಲ' ಉಳಿಯಿತು. ಮಂತ್ರಿ ಅದನ್ನು ಓದಿ ಚಪ್ಪಾಳೆ ಗಿಟ್ಟಿಸಿದ. ಪೈಲಟ್ ಅದನ್ನು ನಂಬಿ ವಿಮಾನ ಹತ್ತಿದ. ಕ್ಷಿಪಣಿ ಪಕ್ಕದಿಂದ ಬಂತು.

ಪೈಲಟ್‌ನ ತಾಯಿಗೆ ಒಂದು ಪೆಟ್ಟಿಗೆ ಕೊಟ್ಟರು. ತೆರೆಯಬೇಡಿ ಎಂದರು.

ವಿಚಾರಣೆ ನಡೆಯಿತು. ಯಾರೂ ಸುಳ್ಳು ಬರೆದಿಲ್ಲ, ಕೆಲವು ಅಕ್ಷರ ಕಡಿಮೆ ಮಾಡಿದ್ದಾರೆ ಅಷ್ಟೇ, ಎಂದು ತೀರ್ಮಾನವಾಯಿತು. ಅದೇ ಮೂತಿಯನ್ನು ಇನ್ನೂ ನಲವತ್ತು ವಿಮಾನಗಳಿಗೆ ಜೋಡಿಸಿದರು.

ಶಿಷ್ಯ ತಲೆ ತಗ್ಗಿಸಿ ಕೇಳಿದ: "ಕಮ್ಮಾರ ಹೇಳಿದ್ದನಲ್ಲ, ಗುರುಗಳೇ. ಮೇಲಿನವರು ಕೇಳದಿದ್ದರೆ ಅವನೇನು ಮಾಡಬೇಕಿತ್ತು?"

"ನಿಮ್ಮ ವಿಮಾನ ಹಾರುವುದು ಯಾವಾಗ?"

"ನಾಳೆ ಬೆಳಿಗ್ಗೆ."

"ಹಾಗಾದರೆ ಎದ್ದೇಳು; ಮೇಲಿನವರ ಬಳಿ ಹೋಗಬೇಡ, ಹತ್ತುವವನ ಬಳಿ ಹೋಗು."