ಕಾಶವ್ವನ ಹೆಸರಿನಲ್ಲಿ ಹೋದ ಉತ್ತರ

“ಅಜ್ಜಾರ, ನಮ್ಮ ಹೊರಿ ಹೊರಾಕ ಮತ್ತೊಬ್ಬರು ತಾವಾಗೇ ಬಂದ್ರ, ಇಳಿಸಿ ಕೊಡೂದು ತಪ್ಪೇನ್ರಿ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಮಠದ ಫೋನು ಅವನ ಕೈಯಲ್ಲಿತ್ತು. ಆಪರೇಷನ್ ಮಾಡಿಸಲೇ, ಮಗಳನ್ನು ಆ ಮನೆಗೆ ಕೊಡಲೇ ಎಂದು ದಿನವೂ ಭಕ್ತರು ಅದಕ್ಕೆ ಬರೆದು ಕೇಳುತ್ತಿದ್ದರು. ಶಿಷ್ಯ ಒಂದೊಂದನ್ನೂ ಓದಿ ಹೇಳಬೇಕು, ಗುರುಗಳು ಹೇಳಿದ್ದನ್ನು ತಿರುಗಿ ಬರೆಯಬೇಕು. ಇದರಲ್ಲಿ ಅವನ ಜಪವೂ ಹೋಯಿತು, ಓದೂ ಹೋಯಿತು. ಅಂದು ಬೆಳಿಗ್ಗೆ ಆ ಕೆಲಸವನ್ನು ಪಟ್ಟಣದ ಒಂದು ಕಂಪನಿಗೆ ವಹಿಸಿದ್ದ. ಇನ್ನು ಉತ್ತರಗಳೆಲ್ಲ ಅಲ್ಲಿಂದಲೇ ಹೋಗುತ್ತವೆ, ಕೆಳಗೆ ಗುರುಗಳ ಹೆಸರಿರುತ್ತದೆ. ಅದನ್ನೂ ಹೇಳಿದ.

ಗುರುಗಳು ಬೈಯಲಿಲ್ಲ. “ಕುಂದರು. ಉಂಡಿ ಕಾಶವ್ವನ ಕತಿ ಹೇಳ್ತೀನಿ” ಎಂದರು.

ಕಾಶವ್ವ ಬಾಣಂತಿಯರಿಗೆ ಅಂಟಿನುಂಡೆ ಕಟ್ಟಿ ಮಾರುವ ಹೆಂಗಸು. ಮೊದಲು ಓಣಿಯವರಿಗೆ ಕಟ್ಟಿಕೊಟ್ಟಳು. ಆಮೇಲೆ ಆನ್‌ಲೈನಿನಲ್ಲಿ ತನ್ನದೇ ಒಂದು ಅಂಗಡಿ ತೆರೆದಳು. ಕಾಣದ ಊರುಗಳಿಂದ ಗಿರಾಕಿಗಳು ಬಂದರು. ಅಂಗಡಿ ಬದಲಾದರೂ ರೂಢಿ ಬದಲಾಗಲಿಲ್ಲ. ಯಾರೇ ಆರ್ಡರ್ ಹಾಕಲಿ, ಪಾಕಕ್ಕೆ ಬೆಲ್ಲ ಇಡುವ ಮೊದಲು ಫೋನು ಮಾಡುವಳು. “ಹಡದು ಎಷ್ಟು ದಿನಾತವ್ವಾ? ಕೂಸಿಗೆ ಹಾಲು ಸಾಕಾಗ್ತಾವೇನು? ನಿನಗ ಒಗ್ಗಲಾರದ್ದು ಏನರ ಐತೇನು?” ಎಂದು ಕೇಳುವಳು. ಒಬ್ಬಳಿಗೆ ಬೆಲ್ಲ ಕಡಿಮೆ ಮಾಡುವಳು, ಇನ್ನೊಬ್ಬಳಿಗೆ ಮೆಂತ್ಯ ಹೆಚ್ಚು ಹಾಕುವಳು. ಒಬ್ಬ ಬಾಣಂತಿಯ ಹಾಗೆ ಇನ್ನೊಬ್ಬ ಬಾಣಂತಿ ಇರುವುದಿಲ್ಲ ಎಂದು ಅವಳ ತಾಯಿ ಕಲಿಸಿದ್ದಳು. ಕೇಳಿದ್ದನ್ನು ಬರೆದಿಡುವ ಗೋಜಿಗೆ ಕಾಶವ್ವ ಹೋದವಳಲ್ಲ. ಎಲ್ಲ ತಲೆಯಲ್ಲೇ ಇರುತ್ತಿತ್ತು.

ಆದರೆ ತಲೆಗೂ ದಣಿವಿದೆ. ಪಾಕ ಒಲೆಯ ಮೇಲಿರುವಾಗಲೇ ಫೋನು ಬಡಿದುಕೊಳ್ಳುವುದು. ಪಾರ್ಸಲ್ ಎಲ್ಲಿಗೆ ಬಂತು ಎಂದು ಒಬ್ಬರು, ಉಂಡೆ ಒಡೆದಿದೆ ಎಂದು ಇನ್ನೊಬ್ಬರು. ತುಪ್ಪದ ಕೈ ಒರೆಸಿ ಒರೆಸಿ ಅವಳ ಸೆರಗೇ ಜಿಡ್ಡಾಯಿತು. ಸಾಕಪ್ಪಾ ಸಾಕು ಎನ್ನುವ ಹೊತ್ತಿಗೆ ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯವರು ಬಂದರು.

“ಅಕ್ಕಾರ, ನೀವು ಬರೀ ಉಂಡಿ ಕಟ್ಟಿ ನಮ್ಮ ಗೋದಾಮಿಗೆ ಕಳಸ್ರಿ. ರೇಟು, ಫೋಟೋ, ಡೆಲಿವರಿ, ಗಿರಾಕಿ ಜೋಡಿ ಮಾತು, ಎಲ್ಲಾ ನಮಗ ಬಿಡ್ರಿ” ಎಂದರು.

“ಮತ್ತ ನನ್ನ ಹೆಸರು?”

“ಅದು ಇದ್ದss ಇರ್ತೈತ್ರಿ. ಹೆಸರು ನೋಡೇ ಅಲ್ಲೇನ್ರಿ ಜನ ಕೊಳ್ಳೂದು?”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕಾಶವ್ವ ಫೋನಿನ ಮೇಲೆ ಬೆರಳೊತ್ತಿ ಒಪ್ಪಿಗೆ ಕೊಟ್ಟಳು.

ಫೋನು ತಣ್ಣಗಾಯಿತು. ಅವಳಿಗೆ ಸ್ವರ್ಗ ಮೂರೇ ಗೇಣು. ಎಷ್ಟೋ ವರ್ಷಗಳ ಮೇಲೆ ಮಧ್ಯಾಹ್ನ ಒಂದು ನಿದ್ದೆ ಮಾಡಿದಳು. ಈಗ ಉಂಡೆಗಳೆಲ್ಲ ಒಂದೇ ಹದ, ಒಂದೇ ತೂಕ. ಗೋದಾಮಿನವರಿಗೆ ಹಾಗೇ ಬೇಕು. ಮಾರಾಟ ಏರಿತು, ಕೈನೆರವಿಗೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ತಿನ್ನುವವರು ಯಾರೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ.

ಮೂರನೆಯ ತಿಂಗಳಲ್ಲಿ ಒಬ್ಬ ಗಂಡಸು ಅವಳ ಮನೆ ಹುಡುಕಿಕೊಂಡು ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಅವಳದೇ ಉಂಡೆಯ ಡಬ್ಬಿ. ತಾನು ಶಶಿಕಲಾಳ ಗಂಡ, ಗೋಕಾವಿಯವನು ಎಂದ.

ಕಾಶವ್ವನ ಮುಖ ಅರಳಿತು. “ಶಶಿಕಲಾ ಗೊತ್ತಿಲ್ಲೇನು! ಚೊಚ್ಚಲ ಬಾಣಂತನಕ್ಕ ನಂದೇ ಉಂಡಿ. ಗೋಡಂಬಿ ಒಗ್ಗೂದಿಲ್ಲ ಅಕೀಗೆ. ಒಂದು ಚೂರು ಬಾಯಾಗ ಹೋದ್ರ ಗಂಟಲಾ ಬಾತು ಉಸಿರು ಹಿಡೀತೈತಿ. ಅಕೀ ಸಲುವಾಗಿ ಬ್ಯಾರೆ ಬೋಗಾಣಿ ತಿಕ್ಕಿ...”

ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಡಬ್ಬಿಯ ಮೇಲೆ ಬಿದ್ದಿತ್ತು. ಗೋದಾಮಿಗೆ ಕಳಿಸುವ ಉಂಡೆ ಅದು. ಒಂದೊಂದರಲ್ಲೂ ಗೋಡಂಬಿ.

ಅವನು ಫೋನು ತೆಗೆದು ತೋರಿಸಿದ. ಶಶಿಕಲಾ ಬರೆದಿದ್ದಳು: “ಕಾಶಕ್ಕಾ, ಎರಡನೇದು ಗಂಡು. ನನಗ ಹೋದ ಸಲದ ಹಂಗss ಕಳಸ್ರಿ.” ಅದರ ಕೆಳಗೆ, ಒಂದು ನಿಮಿಷವೂ ಆಗುವ ಮೊದಲೇ, ಉತ್ತರ ಬಂದಿತ್ತು: “ಖಂಡಿತ. ಹೋದ ಸಲದ ಹಾಗೆಯೇ ಕಳಿಸುತ್ತೇವೆ. ಪ್ರೀತಿಯಿಂದ, ನಿಮ್ಮ ಕಾಶಕ್ಕ.”

ಕಾಶವ್ವ ಎರಡು ಸಲ ಓದಿದಳು. “ಇದು ನಾ ಬರದಿಲ್ಲಪ್ಪಾ” ಎಂದಳು.

“ಗೋಡಂಬಿ ಐತಂತ ಡಬ್ಬಿ ಮ್ಯಾಲ ಸಣ್ಣ ಅಕ್ಷರದಾಗ ಬರದಾರ್ರಿ. ಆದ್ರ ನೀವು ಹೂಂ ಅಂದ ಮ್ಯಾಲ ಅದನ್ನ ಯಾರು ಓದ್ತಾರ್ರಿ?”

ಶಶಿಕಲಾ ಹೇಗಿದ್ದಾಳೆ ಎಂದು ಕಾಶವ್ವ ಕೇಳಿದಳು.

“ಎರಡು ದಿನ ಐಸಿಯುನಾಗ ಇದ್ಲ್ರಿ. ಕೂಸು ಅತ್ತು ಅತ್ತು ಸುಸ್ತಾಗಿತ್ತು. ನಿನ್ನೆ ಕಣ್ಣು ತೆರದಾಳ. ನಿಮ್ಮ ಮ್ಯಾಲ ಸಿಟ್ಟಿಲ್ಲಂತ್ರಿ. ಒಂದ ಮಾತು ಕೇಳಿ ಬಾ ಅಂತ ಕಳಿಸ್ಯಾಳ. ‘ಕಾಶಕ್ಕ ನನ್ನ ಮರತ್ಲೇನು?’ ಅಂತ.”

ಕಾಶವ್ವ ಮರೆತಿದ್ದರೆ, ಮರೆತೆ ಎಂದು ಕಾಲು ಹಿಡಿಯಬಹುದಿತ್ತು. ಅವಳು ಏನನ್ನೂ ಮರೆತಿರಲಿಲ್ಲ. ತಿಕ್ಕಿದ ಬೋಗಾಣಿ ಕೂಡ ನೆನಪಿತ್ತು.

“ಈ ಕತಿ ನನಗ ಹೇಳಿದಾಕಿ ಅಕೀನss. ಇವತ್ತ ನಿನ್ನ ಮಾತು ಕೇಳಿ ಅದss ನೆನಪಾತು” ಎಂದರು ಗುರುಗಳು.

ಶಿಷ್ಯ ತಡೆಯಲಾರದೆ, “ಅದು ಉಂಡಿ ಮಾತಾತ್ರಿ ಅಜ್ಜಾರ. ಇಲ್ಲಿ ನೀವು ಎಲ್ಲಾರಿಗೂ ಹೇಳೂದು ಒಂದss ಅಲ್ರಿ, ಒಳ್ಳೇದಾಗ್ತೈತಿ ಅಂತ” ಎಂದ.

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ಬೆಳಗಿತು. ಕಂಪನಿಯಿಂದ ಗುರುಗಳ ಹೆಸರಿನಲ್ಲಿ ಯಾರಿಗೋ ಉತ್ತರ ಹೋಗಿತ್ತು. ಗುರುಗಳು ಅದನ್ನೇ ನೋಡುತ್ತ ಕೇಳಿದರು:

“ಮುಂಜಾನಿಂದ ನಾ ಯಾರ‍್ಯಾರಿಗೆ ಏನೇನು ಹೇಳೇನೋ, ತಮ್ಮಾ?”