ಸೀಗಡಿ ಬೆನ್ನು ತೋರಿಸದೆ ಓಡುವುದು ಯಾಕೆ

ಲೋಕ ಆಗಿನ್ನೂ ಹೊಸದು. ಬಂಡೆಗಳ ಅಂಚು ಸವೆದಿರಲಿಲ್ಲ. ಯಾವ ಕಡೆ ಬೀಸಬೇಕೆಂದು ಗಾಳಿಗೇ ಗೊತ್ತಿರಲಿಲ್ಲ. ಆಗ ಸೀಗಡಿಯೂ ಎಲ್ಲರ ಹಾಗೆ, ಹೆದರಿದರೆ ತಿರುಗಿ ಓಡುತ್ತಿತ್ತು.

ಒಂದು ಹಳ್ಳದ ಪಕ್ಕದಲ್ಲಿ ಒಂದು ಮಡು ಇತ್ತು. ನಿಂತು ನಿಂತು ಹದವಾದ ನೀರು. ಕಲ್ಲುಗಳ ಮೇಲೆಲ್ಲ ಹಾವಸೆ, ಅಂದರೆ ಹಸಿರು ಪಾಚಿ, ಕಂಬಳಿ ಹೊದಿಸಿದ ಹಾಗೆ ಬೆಳೆದಿತ್ತು. ಅಲ್ಲಿ ಸೀಗಡವ್ವ ತನ್ನ ತಂಗಿಯರ ಜೊತೆ ಬಾಳುತ್ತಿದ್ದಳು. ದಿನವಿಡೀ ಹಾವಸೆಯಿಂದ ಹೆಕ್ಕುವುದು, ತಿನ್ನುವುದು. ಹೆಕ್ಕುವುದು, ತಿನ್ನುವುದು. ಆಗ ಅವಳ ಬಾಲದಡಿಯಲ್ಲಿ ಮೊಟ್ಟೆಗಳ ಗೊಂಚಲಿತ್ತು.

ಮಡುವಿನ ಯಜಮಾನ ಗೆಂಡೆಗೌಡ. ದೊಡ್ಡ ಹೊಟ್ಟೆಯ ಗೆಂಡೆ ಮೀನು. ಅವನ ಮಗಳನ್ನು ನೋಡಲು ಹೊಳೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಗಂಡಿನವರು ಬರುತ್ತಾರೆಂದರೆ ಮನೆ ತೊಳೆಯಬೇಕಲ್ಲ? ನೆಲದ ಮೇಲಿನವರು ನೀರು ಸುರಿದು ಮನೆ ತೊಳೆಯುತ್ತಾರೆ. ಮಡುವಿನವರಿಗೆ ನೀರೇ ಮನೆ. ಗೆಂಡೆಗೌಡ ನೀರನ್ನೇ ತೊಳೆಯಲು ಹೊರಟ.

"ಹಾವಸೆ ಎಲ್ಲ ಕೆರೆದು ಹಾಕ್ರೋ! ಈ ಹಳೇ ನೀರು ಹೊರಗೆ ಹೋಗ್ಲಿ, ಹಳ್ಳದ ಹೊಸ ನೀರು ಒಳಗೆ ಬರ್ಲಿ. ಮಡು ಫಳಫಳ ಅನ್ಬೇಕು!"

"ಅನ್ಬೇಕು ಗೌಡ್ರೇ, ಅನ್ಬೇಕು!" ಎಂದಿತು ಕಪ್ಪೆ. ಗೌಡ ಒಂದು ಸಲ ಅಂದದ್ದನ್ನು ಎರಡು ಸಲ ಅನ್ನುವುದೇ ಅದರ ಕೆಲಸ.

ಸೀಗಡವ್ವ ಕಲ್ಲಿನ ತುದಿಗೆ ಬಂದು ನಿಂತಳು.

"ಗೌಡ್ರೇ, ಇದು ಕೊಳೆ ಅಲ್ಲ. ಹುಟ್ಟಿದ ತಕ್ಷಣ ನನ್ನ ಮಕ್ಕಳು ಬಾಯಿಗೆ ಹಾಕ್ಕೊಳ್ಳೋ ಅನ್ನ. ಹಳ್ಳದ ನೀರು ಒಂದೇ ಸಲ ನುಗ್ಗಿದ್ರೆ ನಮ್ಮ ಮೈ ತಡೆಯಲ್ಲ. ಹೊಸ ಚಿಪ್ಪು ಬಲಿಯೋ ಮೊದಲೇ, ಹೊತ್ತಲ್ಲದ ಹೊತ್ತಲ್ಲಿ ಹಳೇ ಚಿಪ್ಪು ಬಿರಿದುಹೋಗುತ್ತೆ."

"ಕಸ ತಿನ್ನೋಳು ನನಗೆ ಮನೆ ಇಡೋದು ಕಲಿಸ್ತಾಳೆ! ಅವರು ನೋಡೋಕೆ ಬರ್ತಿರೋದು ನಿನ್ನನ್ನಲ್ಲ ಕಣಮ್ಮಾ, ನನ್ನ ಮಗಳನ್ನ."

"ಮಗಳನ್ನ, ಮಗಳನ್ನ!" ಕಪ್ಪೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನಿಮಗೆ ಒಬ್ಬಳೇ ಮಗಳು. ನನ್ನ ಬಾಲದಡಿ ಎಷ್ಟು ಮಕ್ಕಳಿದಾರೆ, ಬಗ್ಗಿ ನೋಡಿ."

ಯಾರೂ ಬಗ್ಗಿ ನೋಡಲಿಲ್ಲ.

ಮೀನುಗಳು ಕೆರೆಯತೊಡಗಿದವು. ಹಾವಸೆ ಕೂಗಿತು: "ಬಿಡ್ರಪ್ಪಾ! ನನಗೆ ಬೇರಿಲ್ಲ, ಬರೀ ಹಿಡಿತ ಇರೋದು!" ಅವರು ಆ ಹಿಡಿತವನ್ನೂ ಬಿಡಿಸಿದರು. ಹಳ್ಳಕ್ಕೂ ಮಡುವಿಗೂ ನಡುವೆ ಇದ್ದ ಅಡ್ಡಗಲ್ಲು ಸರಿಸಿದರು. ಹಳ್ಳ ಕೊರೆಯುವ ಚಳಿಯ ಜೊತೆ ಒಳಗೆ ನುಗ್ಗಿತು. "ನೀವು ಕರೆದಿರಿ, ನಾನು ಬಂದೆ" ಎಂದಿತು.

ತಂಗಿಯರ ಚಿಪ್ಪು ಬಿರಿಯಿತು. ಒಳಗಿನ ಮೈ ಇನ್ನೂ ಬೆಣ್ಣೆಯಷ್ಟು ಮೆತ್ತಗಿತ್ತು. ಒಬ್ಬಳು ಅರ್ಧ ಚಿಪ್ಪಿನೊಳಗೇ ಸತ್ತಳು. ಇನ್ನೊಬ್ಬಳು ಹೇಗೋ ಹೊರಗೆ ಬಂದಳು, ಆದರೆ ಅಡಗಿಕೊಳ್ಳಲು ಒಂದು ಎಳೆ ಹಸಿರೂ ಇರಲಿಲ್ಲ. ಹಾದುಹೋಗುತ್ತಿದ್ದ ಮೀನೊಂದು ಅವಳನ್ನು ನುಂಗಿ ಮುಂದೆ ಹೋಯಿತು.

ಮಡು ಮಾತ್ರ ಫಳಫಳ ಅನ್ನುತ್ತಿತ್ತು.

ಬಂಡೆಯ ಬಿರುಕಿನಲ್ಲಿ ಒಂದು ಹಿಡಿ ಹಾವಸೆ ಉಳಿದಿತ್ತು. ಹಳೆಯ ನೀರು ಅದರ ಎಳೆಗಳಲ್ಲಿ ಇನ್ನೂ ನಿಂತಿತ್ತು. ಸೀಗಡವ್ವ ಅದರೊಳಗೆ ಹೊಕ್ಕಿದ್ದರಿಂದ ಬದುಕಿದ್ದಳು. ಅವಳು ಎಲ್ಲವನ್ನೂ ನೋಡಿದಳು. ಅಳಲಿಲ್ಲ. ಅವಳ ಮೀಸೆಗಳು ಸಿಟ್ಟಿನಿಂದ ನೆಟ್ಟಗಾದವು.

ಗೌಡನ ಕಣ್ಣು ಅಲ್ಲಿಗೇ ಬಿತ್ತು. "ಅಲ್ಲೊಂದು ಕಲೆ ಉಳಿದಿದೆ ನೋಡು! ಪಕ್ಕಕ್ಕೆ ಸರಿ."

ಸೀಗಡವ್ವ ಹೊರಗೆ ಬಂದು ಹಾವಸೆಯ ಮುಂದೆ ನಿಂತಳು. "ಸರಿಯೋದಿಲ್ಲ."

"ಸರಿಯೋದಿಲ್ಲ, ಸರಿ..." ಅಭ್ಯಾಸಬಲದಿಂದ ಶುರುಮಾಡಿದ ಕಪ್ಪೆ ಗಬಕ್ಕನೆ ಬಾಯಿ ಮುಚ್ಚಿಕೊಂಡಿತು.

"ನನ್ನ ತಂಗಿಯರನ್ನ ಕೊಂದ್ರಿ. ನನ್ನ ಮಕ್ಕಳಿಗೆ ಉಳಿದಿರೋದು ಇದೊಂದು ಹಿಡಿ. ಇದನ್ನ ಮುಟ್ಟಿದ್ರೆ ನೋಡಿ!"

"ಮುಟ್ಟಿದ್ರೆ ಏನೇ ಮಾಡ್ತೀಯಾ? ನನ್ನ ಕಣ್ಣುಗುಡ್ಡೆಯಷ್ಟೂ ಇಲ್ಲ ನೀನು!"

ಗೌಡ ಬಾಯಿ ತೆರೆದು ನುಗ್ಗಿದ.

ತಿರುಗಿ ಓಡಿದರೆ ಅವನ ಬಾಯಿಗೆ ಮೊದಲು ಸಿಗುವುದು ಬಾಲ. ಬಾಲದಡಿಯಲ್ಲಿ ಮಕ್ಕಳು. ಸೀಗಡವ್ವ ತಿರುಗಲಿಲ್ಲ. ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಬಾಲವನ್ನು ಹೊಟ್ಟೆಯ ಕಡೆಗೆ ಮಡಚಿದಳು. ಮಕ್ಕಳನ್ನು ಅವಚಿಕೊಳ್ಳುವ ಹಾಗೆ ಮಡಚಿದಳು. ಆ ರಭಸಕ್ಕೆ ಅವಳೇ ಹಿಂದಕ್ಕೆ ಚಿಮ್ಮಿದಳು!

ಗೌಡನ ಮೂತಿ ಬಂಡೆಗೆ ಬಡಿಯಿತು. ಸೀಗಡವ್ವ ಬಿರುಕಿನೊಳಗೆ, ಹಾವಸೆಯ ಮಡಿಲಲ್ಲಿ. ಮುಖ ಮಾತ್ರ ಅವನ ಕಡೆಗೇ.

"ಬಾ" ಎಂದಳು. "ಇನ್ನೊಂದು ಸಲ ಬಾ."

ಅಷ್ಟರಲ್ಲಿ ಗಂಡಿನ ಕಡೆಯವರು ಬಂದರು. ಹುಡುಗನ ಅಜ್ಜಿ ಮಡುವನ್ನು ಒಂದು ಸುತ್ತು ಹಾಕಿ ಬಂದಳು.

"ಇದೇನ್ರೀ ಗೌಡ್ರೇ, ಎಲ್ಲಿ ನೋಡಿದ್ರೂ ಬೋಳು ಕಲ್ಲು! ನಾಳೆ ನಮ್ಮ ಹುಡುಗ ಬಂದ್ರೆ ಊಟಕ್ಕೆ ಏನು ಬಡಿಸ್ತೀರಿ, ಈ ಹೊಳಪನ್ನಾ?"

ಗೌಡ ಊದಿದ ಮೂತಿಯನ್ನು ಬೋಳು ಕಲ್ಲಿನ ಹಿಂದೆ ಮರೆಮಾಡಿಕೊಂಡ. ಅವರು ಬಂದ ದಾರಿಯಲ್ಲೇ ಹೋದರು.

ಆಮೇಲೆ ಗೌಡ ಬಿರುಕಿನ ಹತ್ತಿರ ಬಂದ. ಮೆಲ್ಲಗೆ ಬಂದ. "ಆಗಿದ್ದು ಆಗಿಹೋಯ್ತು. ಹೊರಗೆ ಬಾರಮ್ಮಾ. ಹಾವಸೆ ಬೆಳೆಸಿಕೊಡು."

"ಅದು ತಾನೇ ಬೆಳೆಯುತ್ತೆ. ನೀವು ಬಾಯಿ ಹಾಕದಿದ್ರೆ ಸಾಕು. ಆಗಿದ್ದು ಆಗಿಹೋಯ್ತು ಅಂತ ಹೇಳೋಕೆ ಸತ್ತಿದ್ದು ನಿಮ್ಮ ತಂಗಿಯರಲ್ಲ." ಹಳ್ಳದ ಕಡೆಗೂ ಮೀಸೆ ಚಾಚಿದಳು. "ನೀನೂ ಕೇಳಿಸ್ಕೋ. ಕರೆದರು ಅಂತ ನುಗ್ಗೋದಲ್ಲ. ಬರೋದಾದ್ರೆ ಹನಿಹನಿಯಾಗಿ ಬಾ."

ಹಳ್ಳ ತಲೆ ತಗ್ಗಿಸಿ, ಕಲ್ಲಿನ ಸಂದಿಯಿಂದ ಹನಿಹನಿಯಾಗಿ ಬಂತು. ನೀರು ಮತ್ತೆ ಹದಕ್ಕೆ ಬಂತು. ಹಿಡಿಯಷ್ಟಿದ್ದ ಹಾವಸೆ ಮೆಲ್ಲಮೆಲ್ಲಗೆ ಕಲ್ಲಿಂದ ಕಲ್ಲಿಗೆ ಹಬ್ಬಿತು. ಮೊಟ್ಟೆ ಒಡೆದು, ರೆಪ್ಪೆಯ ಕೂದಲಿನಷ್ಟು ಸಣ್ಣ ಮಕ್ಕಳು ಹೊರಬಂದರು. ಸೀಗಡವ್ವ ಅವರಿಗೆ ಮೊದಲು ಹಿಂದಕ್ಕೆ ಚಿಮ್ಮುವುದನ್ನು ಕಲಿಸಿದಳು. ತಿನ್ನುವುದನ್ನು ಆಮೇಲೆ.

ಅದಕ್ಕೇ ಮಗಾ, ಗಾಜಿನ ತೊಟ್ಟಿಯ ಗಿಡಗಳ ನಡುವೆ ಹೆಕ್ಕುತ್ತಾ ತಿನ್ನುತ್ತಾ ಇರುವ ಸೀಗಡಿಯ ಹತ್ತಿರ ನೀನು ಬೆರಳು ತಂದರೆ, ಅದು ಬಾಲ ಮಡಚಿ ಸರಕ್ಕನೆ ಹಿಂದಕ್ಕೆ ಚಿಮ್ಮುತ್ತದೆ, ಬೆನ್ನು ಮಾತ್ರ ತೋರಿಸುವುದಿಲ್ಲ, ನಿನ್ನ ಕಣ್ಣಲ್ಲೇ ಕಣ್ಣಿಟ್ಟು ದುರುಗುಟ್ಟಿಕೊಂಡೇ ಹೋಗುತ್ತದೆ.