ನಡುವೆ ಬಂದ ಮಾತು

ವರದಾ ಹೊಳೆಯ ದಂಡೆಯ ಮೇಲೆ ರೇವಣಯ್ಯ ಅಜ್ಜಾರ ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಪಡಸಾಲೆ, ಒಂದು ಅಡಿಗೆಮನೆ, ಹೊಳೆಗೆ ಇಳಿಯಲು ನಾಲ್ಕು ಮೆಟ್ಟಿಲು.

ಅಜ್ಜಾರಿಗೆ ಗಡ್ಡವಿರಲಿಲ್ಲ, ಪವಾಡ ಬರುತ್ತಿರಲಿಲ್ಲ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಅಭ್ಯಾಸವಂತೂ ಮೊದಲೇ ಇಲ್ಲ. ಆದರೂ ಜನ ಬರುತ್ತಿದ್ದರು. ಜನಕ್ಕೆ ಏನು ಹೇಳೋಣ!

ಒಂದು ಶನಿವಾರ ಮಧ್ಯಾಹ್ನ ಶಿವಲೀಲಾ ಬಂದಳು. ಚಿಕ್ಕವಳಿದ್ದಾಗ ಇದೇ ಪಡಸಾಲೆಯಲ್ಲಿ ಕೂತು ಅಜ್ಜಾರ ಹತ್ತಿರ ಲೆಕ್ಕ, ವಚನ ಎರಡನ್ನೂ ಕಲಿತವಳು. ಈಗ ನಗರದ ಒಂದು ಕಂಪನಿಯಲ್ಲಿ ಇಂಜಿನಿಯರುಗಳ ತಂಡಕ್ಕೆ ಮುಖ್ಯಸ್ಥೆ. ಎಷ್ಟೋ ಆಸ್ಪತ್ರೆಗಳ ರಕ್ತಪರೀಕ್ಷೆಯ ವರದಿ ಡಾಕ್ಟರರ ಕೈ ಸೇರುವುದು ಆ ತಂಡ ಕಟ್ಟಿದ ಸಾಫ್ಟ್‌ವೇರಿನಿಂದ. ಅದು ನಿಂತರೆ ಎಲ್ಲೋ ಒಬ್ಬ ರೋಗಿಯ ಔಷಧ ನಿಲ್ಲುತ್ತದೆ. ಆಟದ ಕೆಲಸವಲ್ಲ.

ಜೊತೆಗೆ ಮಗಳು ಮುಕ್ತಾ ಇದ್ದಳು. ಎರಡನೇ ಕ್ಲಾಸು. ಎಡಗೈಗೆ ಬಿಳಿ ಪ್ಲಾಸ್ಟರ್.

"ಬಾರವ್ವಾ ಬಾ," ಅಂದರು ಅಜ್ಜಾರು. "ಉಂಡೀರೇನು?"

"ಉಂಡೀವ್ರಿ ಅಜ್ಜಾರ. ಒಂದು ಮಾತು ಕೇಳೂದಿತ್ತು."

"ಕೇಳೂವಂತಿ. ಮೊದಲು ಕೂಡು."

ಶಿವಲೀಲಾ ಕೂತಳು. ಕೂತವಳೇ ಕೇಳಿಬಿಟ್ಟಳು. ಅವಳ ಸ್ವಭಾವವೇ ಅಷ್ಟು, ಸಣ್ಣಾಕಿ ಇದ್ದಾಗಿನಿಂದ.

"ನೌಕರಿ ಬಿಡಲ್ಯೋ ಬ್ಯಾಡೋ ಹೇಳ್ರಿ. ಇಡೀ ವಿಭಾಗ ನೀನಽ ನೋಡಿಕೋ ಅಂದಾರ. ಸೋಮವಾರ ಉತ್ತರ ಕೊಡಬೇಕು. ನಾ ರಾಜೀನಾಮೆ ಕೊಡೂದು ಅಂತ ಮಾಡೀನಿ."

"ಯಾಕವ್ವಾ?"

"ಎರಡೂ ಕಡೆ ನಾ ಸಾಲವಲ್ಲೆ ಅಜ್ಜಾರ. ಅಲ್ಲಿ ನಿನ್ನೆ ಕಲಿತದ್ದು ಇವತ್ತಿಗೆ ಹಳೇದು. ಈಗಂತೂ ಯಂತ್ರಾನ ಪ್ರೋಗ್ರಾಂ ಬರೀತೈತಿ. ನನ್ನ ಹುಡುಗರು 'ಮೇಡಂ, ಮುಂದ ನಮ್ಮ ಗತಿ ಏನು' ಅಂತ ನನ್ನ ಮಾರಿ ನೋಡ್ತಾರ. ಮನಿಗೆ ಬಂದರ ಇಕಿನೂ ಬದಲಾಗಿರ್ತಾಳ. ಹೋದ ತಿಂಗಳು ಅವಲಕ್ಕಿ ಅಂದ್ರ ಪ್ರಾಣ, ಈ ತಿಂಗಳು ಮುಟ್ಟೂದಿಲ್ಲ. ಗೆಳತಿ ಹೆಸರು ನಾ ನೆನಪಿಟ್ಟುಕೊಳ್ಳೂದ್ರಾಗ ಗೆಳತಿನಽ ಬ್ಯಾರೆ ಆಗಿರ್ತಾಳ."

ಅಜ್ಜಾರು ನಕ್ಕರು.

"ನಗಬ್ಯಾಡ್ರಿ ಅಜ್ಜಾರ."

"ನಗೂದಿಲ್ಲ ಬಿಡು. ನಿನ್ನ ಗಂಡ ಏನಂತಾನ?"

"ನಿನಗ ಹೆಂಗ ಸರಿ ಅನಸ್ತೈತಿ ಹಂಗ ಮಾಡು ಅಂತಾರ."

ಗಂಡ ಒಳ್ಳೆಯವನೇ. ಊರಲ್ಲಿದ್ದ ದಿನ ಮಗಳ ಡಬ್ಬಿ ಕಟ್ಟುತ್ತಿದ್ದ, ಜಡೆ ಹಾಕುತ್ತಿದ್ದ. ಆದರೆ ಅವನ ಕೆಲಸವೂ ತಿರುಗಾಟದ್ದು. ಅವನನ್ನು ಮಾತ್ರ 'ನೌಕರಿ ಬಿಡ್ತೀಯೇನಪ್ಪಾ' ಅಂತ ಈ ಭೂಮಿಯ ಮೇಲೆ ಒಬ್ಬರೂ ಕೇಳಿರಲಿಲ್ಲ. ಅದು ಬೇರೆ ಮಾತು, ಬಿಡಿ.

"ಕೂಸಿನ ಕೈಗೆ ಏನಾತು?" ಅಜ್ಜಾರು ಕೇಳಿದರು.

ಶಿವಲೀಲಾ ಹೊಳೆಯ ಕಡೆ ಮುಖ ತಿರುಗಿಸಿದಳು. "ಸಾಲಿಯೊಳಗ ಬಿದ್ದಳ್ರಿ," ಅಂದಳು. ಮುಂದೆ ಹೇಳಲಿಲ್ಲ.

ಅಜ್ಜಾರೂ ಕೆದಕಲಿಲ್ಲ. "ಸಂಜಿಗೆ ಪ್ರವಚನ ಐತಿ. ಕುಂತು ಕೇಳ್ರಿ. ಆಮ್ಯಾಲ ನೋಡೂಣು," ಅಂದು ಒಳಗೆ ಹೋದರು.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಬೇರೆ ಕಡೆ ಕಂಡರೆ ನೀವು ನನ್ನ ಕಿವಿ ಹಿಂಡಿ. ಪ್ರವಚನ ಎಷ್ಟೇ ರಂಗೇರಿರಲಿ, ಮಕ್ಕಳು ಯಾರು ಬೇಕಾದರೂ ಬಂದು ಅಜ್ಜಾರ ಶಾಲಿನ ಚುಂಗು ಜಗ್ಗಬಹುದು. ಜಗ್ಗಿದರೆ ಅಜ್ಜಾರು ಮಾತು ನಿಲ್ಲಿಸಿ ಮಗುವಿನ ಕಡೆ ತಿರುಗುತ್ತಿದ್ದರು. ದೊಡ್ಡವರಿಗೆ ಈ ಸವಲತ್ತು ಇಲ್ಲ. ದೊಡ್ಡವರು ಕೆಮ್ಮುವ ಹಾಗೂ ಇಲ್ಲ.

ಅವತ್ತು ಸಂಜೆ ಪ್ರವಚನ ಚೆನ್ನಾಗಿ ಕಳೆಗಟ್ಟಿತ್ತು. ಒಬ್ಬ ರಾಜ ಕಾಡಿನಲ್ಲಿ ದಾರಿ ತಪ್ಪಿ, ಬಾಯಾರಿ, ಒಂದು ಗುಡಿಸಲಿನ ಬಾಗಿಲು ಬಡಿಯಬೇಕು, ಅಷ್ಟರಲ್ಲಿ ಊರಿನ ಹುಡುಗಿ ಪಾರಿ ಓಡಿ ಬಂದು ಶಾಲು ಜಗ್ಗಿದಳು.

"ಅಜ್ಜಾ, ನಮ್ಮ ಆಕಳ ಕರ ಹಾಕೈತಿ!"

"ಹೌದಾ! ಎದ್ದು ನಿಂತತೇನು?"

"ನಿಂತು ಬಿತ್ತು."

"ಬೀಳಲಿ. ಮತ್ತ ನಿಲ್ತೈತಿ. ಹಣಿ ಮ್ಯಾಲ ಚುಕ್ಕಿ ಐತೇನು?"

"ನೋಡಿಲ್ಲ."

"ನೋಡಿ ಬಂದು ಹೇಳು ಮತ್ತ."

ಪಾರಿ ಓಡಿದಳು. ಅಜ್ಜಾರು ಈ ಕಡೆ ತಿರುಗಿ, "ರಾಜ ಬಾಗಿಲ ಬಡದ," ಅಂದರು. ಕಥೆ ಮುಂದೆ ಹೋಯಿತು.

ಶಿವಲೀಲಾಗೆ ಒಳಗೊಳಗೇ ಕಸಿವಿಸಿ. ಇಂಥ ಕಥೆಯನ್ನು ಕರುವಿಗೋಸ್ಕರ ನಿಲ್ಲಿಸುವುದೇ? ತನ್ನ ಮೀಟಿಂಗಿನಲ್ಲಿ ಹೀಗೆ ಆಗಿದ್ದರೆ!

ಪಕ್ಕದಲ್ಲಿ ಮುಕ್ತಾ ಮಿಸುಕಾಡಿದಳು. ತಾಯಿಯ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು.

"ಅಮ್ಮಾ, ನಾನೂ ಹೋಗಿ ಜಗ್ಗಲಾ?"

"ಏನು ಹೇಳ್ಬೇಕು?"

ಮುಕ್ತಾ ಯೋಚಿಸಿದಳು. ಆಮೇಲೆ ತಲೆ ತಗ್ಗಿಸಿದಳು. "ಬೇಡ ಬಿಡು. ಪಿ-ಒನ್ ಅಲ್ಲ."

ಅಜ್ಜಾರಿಗೆ ವಯಸ್ಸಾಗಿತ್ತು. ಆದರೆ ಕಿವಿಗೆ ಆಗಿರಲಿಲ್ಲ.

ಪ್ರವಚನ ಮುಗಿದು ಜನ ಎದ್ದು ಹೋದರು. ಬೆಳಕು ಇನ್ನೂ ಇತ್ತು. ಮುಕ್ತಾ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಅಜ್ಜಾರು ಶಾಲು ಮಡಚುತ್ತ ಕೇಳಿದರು.

"ಪಿ-ಒನ್ ಅಂದ್ರ ಏನವ್ವಾ?"

ಶಿವಲೀಲಾ ಪೆಚ್ಚಾದಳು.

"ಅದು ಆಫೀಸಿನ ಮಾತು ಅಜ್ಜಾರ. ಏನರ ಕೆಟ್ಟರ ಅದಕ್ಕೊಂದು ದರ್ಜೆ ಕೊಡ್ತೀವಿ. ಪಿ-ಒನ್ ಅಂದ್ರ ಕೈಯಾಗಿಂದು ಬಿಟ್ಟು ಓಡಬೇಕು. ಪಿ-ಟೂ ನಾಳೆ ನೋಡಬಹುದು. ಪಿ-ತ್ರೀ ಕಾಯ್ತೈತಿ."

"ಕೂಸಿಗೆ ಯಾರು ಕಲಿಸಿದ್ರು?"

"ನಾನಽ."

ಅಜ್ಜಾರು ಸುಮ್ಮನೆ ಕೂತರು. ಸುಮ್ಮನೆ ಕೂರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಎದುರಿಗಿದ್ದವರು ಹೇಳಲೇಬೇಕಾಗುತ್ತದೆ.

"ನನ್ನ ಹತ್ರ ಇನ್ನೊಂದು ಫೋನ್ ನಂಬರ್ ಐತ್ರಿ," ಅಂದಳು ಶಿವಲೀಲಾ. "ಎಂಥಾ ಮೀಟಿಂಗ್‌ನ್ಯಾಗ ಇದ್ದರೂ ಅದು ಬಡಕೋತೈತಿ, ನಾ ಎತ್ತಲೇಬೇಕು. ತಂಡದವರಿಗೆ ಅಂತ ಇಟ್ಟದ್ದು. ಇಕಿಗೂ ಕೊಟ್ಟಿದ್ದೆ. ಒಮ್ಮೆ ದೊಡ್ಡ ಗದ್ದಲದಾಗ ಇದ್ದೆ, ವ್ಯವಸ್ಥಾ ಪೂರಾ ನಿಂತುಬಿಟ್ಟಿತ್ತು. ಆವಾಗ ಈ ಕೂಸು ಆ ನಂಬರಿಗೆ ಫೋನ್ ಮಾಡ್ತು. ಯಾಕಂದ್ರ, ಗಿಳಿ ಬಂದು ಕಿಟಕ್ಯಾಗ ಕುಂತೈತಿ ಅಂತ."

"ಬೈದಿ."

"ಬೈದೆ. 'ರಕ್ತ ಬಂದರ ಅಷ್ಟಽ ಈ ನಂಬರಿಗೆ ಮಾಡು, ಉಳಿದದ್ದು ಕಾಯ್ತೈತಿ' ಅಂದೆ."

ಅವಳು ಮೆಟ್ಟಿಲ ಮೇಲೆ ಕೂತಿದ್ದ ಮಗಳ ಕಡೆ ನೋಡಿದಳು.

"ಹೋದ ವಾರ ಸಾಲಿಯಾಗ ಆಡೂವಾಗ ಬಿದ್ದಾಳ. ಎಲುಬು ಮುರದೈತಿ. ಯಾರಿಗೂ ಹೇಳಿಲ್ಲ ಅಜ್ಜಾರ. ಕೈ ತೊಡಿ ಮ್ಯಾಲ ಇಟ್ಟುಕೊಂಡು ಸಾಲಿ ಬಿಡೂತನಕ ಕುಂತಾಳ. ಡಾಕ್ಟರು 'ಅಲ್ಲವಾ, ಅಮ್ಮಗ ಫೋನ್ ಮಾಡಸಬಾರದಾ' ಅಂತ ಕೇಳಿದ್ರು. ಇಕಿ ಏನಂದಳು ಗೊತ್ತೇನ್ರಿ? 'ರಕ್ತ ಬಂದಿರಲಿಲ್ಲ' ಅಂದಳು."

ಇಷ್ಟು ಹೇಳಿ ಶಿವಲೀಲಾ ಅತ್ತಳು. ಅಜ್ಜಾರು ಅಳಬೇಡ ಅನ್ನಲಿಲ್ಲ. ತಂಬಿಗೆಯಲ್ಲಿ ನೀರು ತಂದು ಮುಂದೆ ಇಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು.

"ಅದಕ್ಕ ಬಿಡಬೇಕಂತ ಮಾಡೀನಿ," ಅಂದಳು, ಸೆರಗಿನಿಂದ ಮುಖ ಒರೆಸಿಕೊಂಡು.

"ಬಿಟ್ಟರ ಅಕಿ ಕರೀತಾಳೇನು?"

"ಮನಿಯಾಗ ಇದ್ದರ ಕರೀತಾಳಲ್ರಿ."

"ನಮ್ಮವ್ವ ಜನ್ಮಪೂರ್ತಿ ಮನಿಯಾಗನ ಇದ್ದಳು. ನಾ ಕರದ್ರ 'ತಡಿಯೋ, ಒಲಿ ಮ್ಯಾಲ ಹಾಲೈತಿ' ಅಂತಿದ್ದಳು." ಅಜ್ಜಾರು ನಕ್ಕರು. "ಅಕೀದೇನು ತಪ್ಪು? ಹಾಲು ಖರೇನಽ ಉಕ್ಕತಿತ್ತು."

ಶಿವಲೀಲಾಗೂ ಅಳುವಿನ ನಡುವೆ ನಗು ಬಂತು.

"ಒಂದು ಕೇಳ್ತೀನಿ," ಅಂದರು ಅಜ್ಜಾರು. "ನಿನ್ನ ತಂಡದ ಹುಡುಗರು ಆ ನಂಬರಿಗೆ ಸಣ್ಣ ವಿಷಯಕ್ಕ ಫೋನ್ ಮಾಡಿದ್ರ ಬೈತೀಯೇನು?"

"ಛೇ, ಇಲ್ರಿ! ಬೈದರ ಮುಗೀತು, ಮುಂದ ಮುಚ್ಚಿಡ್ತಾರ. ಸಣ್ಣದಂತ ಮುಚ್ಚಿಟ್ಟದ್ದಽ ಆಮ್ಯಾಲ ದೊಡ್ಡದಾಗೂದು. ಹೊಸದಾಗಿ ಸೇರಿದವರಿಗೆ ಮೊದಲ ದಿನಾನ ಹೇಳ್ತೀನಿ, ದೊಡ್ಡದೋ ಸಣ್ಣದೋ ನೀವು ತೂಗಬ್ಯಾಡ್ರಿ, ಕರೀರಿ, ಕರದದ್ದಕ್ಕ ಯಾರೂ ನಿಮಗ..."

ಅಲ್ಲಿಗೆ ಅವಳ ಮಾತು ನಿಂತಿತು.

ತಮ್ಮ ಶಿಷ್ಯೆ ಒಳ್ಳೆಯ ಗುರು ಆಗಿದ್ದಾಳೆ ಅಂತ ಅಜ್ಜಾರಿಗೆ ಒಳಗೊಳಗೇ ಹೆಮ್ಮೆ ಆಗಿರಬೇಕು. ನನಗಂತೂ ಆಯಿತು.



"ಹಂಗಾರ ನೌಕರಿ?" ಶಿವಲೀಲಾ ಮತ್ತೆ ಶುರು ಮಾಡಿದಳು. ಬಿಡುವವಳಲ್ಲ. "ಸೋಮವಾರ ನಾ ಏನು ಹೇಳಲಿ? ವಿಭಾಗ ಪೂರಾ ನನ್ನ ಮ್ಯಾಲ ಬಿದ್ದರ ಈಗಿನ ಎರಡರಷ್ಟು ಕೆಲಸ. ಬ್ಯಾಡ ಅಂದರ ನನ್ನ ಹುಡುಗರನ್ನ ಯಾರ ಕೈಗೆ ಕೊಡ್ತಾರೋ ಗೊತ್ತಿಲ್ಲ. ಅವರ ಮನಿಯಾಗೂ ಕೂಸು ಅದಾವು. ಇದಕ್ಕೊಂದು ದಾರಿ..."

ಬಾಗಿಲಲ್ಲಿ ಮುಕ್ತಾ ಬಂದು ನಿಂತಳು. ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ತಾಯಿಯನ್ನು ನೋಡುತ್ತಿದ್ದಳು. ಮಾತು ಮುಗಿಯಲಿ ಅಂತ ಕಾಯುವ ಮುಖ.

ಶಿವಲೀಲಾಳ ಬಲಗೈ ತಾನಾಗಿ ಮೇಲೆದ್ದಿತು. ತೋರುಬೆರಳು ನೆಟ್ಟಗೆ ನಿಂತಿತು. ಒಂದು ನಿಮಿಷ, ಅಂತ.

ಅಜ್ಜಾರು ಆ ಬೆರಳನ್ನು ನೋಡಿದರು. ಬೈಯುವ ನೋಟವಲ್ಲ. ಕಾಲಿಗೆ ಮುಳ್ಳು ನೆಟ್ಟ ಮಗುವನ್ನು ನೋಡುತ್ತಾರಲ್ಲ, ಹಾಗೆ ನೋಡಿದರು.

ಆಗ ಶಿವಲೀಲಾ ತಾನೂ ನೋಡಿದಳು. ಬೆರಳು ಮಡಚಿದಳು. ಅರ್ಧ ಆಡಿದ ಮಾತನ್ನು ಅಲ್ಲಿಯೇ ಬಿಟ್ಟು ಮಗಳ ಕಡೆ ತಿರುಗಿದಳು.

"ಏನು ಪುಟ್ಟಾ?"

"ಏನಿಲ್ಲ. ನಿನ್ನ ಮಾತು ಮುಗೀಲಿ."

"ಮುಗಿದಿಲ್ಲ. ನೀನು ಹೇಳು."

ಮುಕ್ತಾ ನಂಬಲಿಲ್ಲ. ಅಜ್ಜಾರನ್ನು ನೋಡಿದಳು, ತಾಯಿಯನ್ನು ನೋಡಿದಳು. "ಸಣ್ಣದು," ಅಂದಳು.

"ಸಣ್ಣದೇ ಹೇಳು."

"ಹೊಳೇಲಿ ಮೀನು ನೀರಿಂದ ಮೇಲೆ ಹಾರ್ತಾ ಇದೆ. ನೋಡ್ತೀಯಾ?"

ಶಿವಲೀಲಾ ಎದ್ದಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಅಜ್ಜಾರು ಪಡಸಾಲೆಯಲ್ಲೇ ಕೂತಿದ್ದರು. ಹೊಳೆಯ ಕಡೆಯಿಂದ ತಾಯಿ ಮಗಳ ಮಾತು ಕೇಳುತ್ತಿತ್ತು. ಮೊದಲು ಒಂದೊಂದು ಶಬ್ದ, ಆಮೇಲೆ ಮಗಳದೇ ಉದ್ದುದ್ದ ಮಾತು. ಪ್ಲಾಸ್ಟರಿನ ಒಳಗೆ ತುರಿಸುತ್ತದೆ ಅಂತ, ಗೆಳತಿ ಮಾತು ಬಿಟ್ಟಿದ್ದಾಳೆ ಅಂತ, ಬಿದ್ದ ದಿನ ತುಂಬಾ ನೋವಾಗಿತ್ತು ಅಂತ. ಎಷ್ಟು ದಿನದಿಂದ ಕೂಡಿಟ್ಟಿತ್ತೋ ಪಾಪ.

ಆಮೇಲೆ ಶಿವಲೀಲಾ ಒಬ್ಬಳೇ ಬೇಗ ಬೇಗ ಮೇಲೆ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು.

"ತಪ್ಪು ತಿಳೀಬ್ಯಾಡ್ರಿ ಅಜ್ಜಾರ, ಅರ್ಧಕ್ಕ ಎದ್ದು ಹೋದೆ. ಈಗ ಹೇಳ್ರಿ, ಸೋಮವಾರ..."

"ಅಮ್ಮಾ!"

ಹೊಳೆಯ ಕಡೆಯಿಂದ ಕೂಗು ಬಂತು. ಪಿಸುಮಾತಲ್ಲ, ಬರಲಾ ಅಂತ ಕೇಳಿದ್ದೂ ಅಲ್ಲ. ದಂಡೆಯ ಮೇಲಿನ ಕೊಕ್ಕರೆ ಬೆದರಿ ಎದ್ದು ಹೋಗುವ ಹಾಗೆ ಗಂಟಲು ಬಿಟ್ಟು ಕರೆದದ್ದು.

"ಅಮ್ಮಾ, ಬೇಗ ಬಾ! ಇಲ್ಲಿ ಇನ್ನೂ ಒಂದು!"

ಶಿವಲೀಲಾಳ ಕಾಲು ಹೊಳೆಯ ಕಡೆ ಹೊರಟಿತ್ತು. ಕಣ್ಣು ಮಾತ್ರ ಅಜ್ಜಾರ ಮೇಲೆಯೇ ಇತ್ತು.

"ಅಜ್ಜಾರ, ನನ್ನ ಪ್ರಶ್ನೆ?"

ಅಜ್ಜಾರು ತಮ್ಮ ಪಕ್ಕದ ಚಾಪೆಯನ್ನು ಕೈಯಿಂದ ಸವರಿ ಸರಿಮಾಡಿದರು.

"ಅದಕ್ಕೇನು ಹಸಿವಾಗೂದಿಲ್ಲ, ನಿದ್ದಿ ಬರೂದಿಲ್ಲ. ಇಲ್ಲೇ ಕುಂತಿರಲಿ, ನಾ ನೋಡಿಕೋತೀನಿ. ನೀ ಹೋಗು, ನಿನ್ನ ಕರ್ಯಾಕತ್ತಾರ."